ಪಾರ್ಕಿಂಗ್ ಜಗಳದಲ್ಲಿ ವೇಗದ ಮಾತೇ ಮರೆತುಹೋಗಿದೆ

ನಮ್ಮ ಬೀದಿ ಒನ್‌ವೇ ಆಗುತ್ತದೆ, ಒಂದು ಬದಿಯ ಪಾರ್ಕಿಂಗ್ ಪೂರ್ತಿ ಬಂದ್ ಆಗುತ್ತದೆ ಎಂಬ ನೋಟಿಸ್ ಬಂದಾಗಿನಿಂದ ಬೀದಿಯ ವಾಟ್ಸಾಪ್ ಗುಂಪಿಗೆ ನಿದ್ದೆ ಇಲ್ಲ. ಗುಡ್ ಮಾರ್ನಿಂಗ್ ಬಿಟ್ಟು ಬೇರೇನೂ ಹಾಕದಿದ್ದವರು ಕೂಡ ಪುಟಗಟ್ಟಲೆ ಬರೆಯುತ್ತಿದ್ದಾರೆ. ಎಲ್ಲರದ್ದೂ ಒಂದೇ ಪ್ರಶ್ನೆ. ಇನ್ನು ಮೇಲೆ ನನ್ನ ಗಾಡಿ ಎಲ್ಲಿ ನಿಲ್ಲಿಸಲಿ?

ಕೇಳಬೇಕಾದ ಪ್ರಶ್ನೆಯೇ. ನನಗೂ ಕಾರಿದೆ, ನನಗೂ ಆ ತಲೆನೋವು ಇದ್ದೇ ಇದೆ. ಆದರೆ ನಿಂತ ಗಾಡಿಗಳ ಬಗ್ಗೆ ಇಷ್ಟು ತಲೆ ಕೆಡಿಸಿಕೊಂಡ ನಾವು ಓಡುವ ಗಾಡಿಗಳ ಬಗ್ಗೆ ತುಟಿ ಬಿಚ್ಚುತ್ತಿಲ್ಲ. ಬದಲಾವಣೆ ಆದ ಮೇಲೆ ಈ ಬೀದಿಯಲ್ಲಿ ಗಾಡಿಗಳು ಎಷ್ಟು ವೇಗವಾಗಿ ಹೋಗುತ್ತವೆ? ನನ್ನ ತಕರಾರು ಇರುವುದು ಅಲ್ಲಿ.

ಈಗಿನ ಸ್ಥಿತಿ ನೋಡಿ. ಎರಡೂ ಬದಿ ಕಾರು. ಕಾರುಗಳ ಸಂದಿಯಲ್ಲಿ ತೂರಿಸಿದ ಬೈಕು. ನಡುವೆ ಉಳಿದಿರುವುದು ಒಂದೂವರೆ ಗಾಡಿಯ ಜಾಗ. ಎದುರಿನಿಂದ ಇನ್ನೊಬ್ಬರು ಬಂದರೆ ಯಾರಾದರೂ ಒಬ್ಬರು ಹಿಂದೆ ಸರಿಯಬೇಕು. ಯಾರು ಸರಿಯಬೇಕು ಅನ್ನುವುದು ಮೊದಲು ಕಣ್ಣಲ್ಲಿ, ಆಮೇಲೆ ಹಾರ್ನಿನಲ್ಲಿ, ಕೊನೆಗೆ ಕಿಟಕಿ ಇಳಿಸಿ ಬಾಯಲ್ಲಿ ತೀರ್ಮಾನವಾಗುತ್ತದೆ. ರೇಜಿಗೆ ಹುಟ್ಟಿಸುವ ಬೀದಿ, ಒಪ್ಪುತ್ತೇನೆ. ಆದರೆ ಈ ರೇಜಿಗೆಯ ದೆಸೆಯಿಂದಲೇ ಇಲ್ಲಿ ಯಾರಿಗೂ ಜೋರಾಗಿ ಓಡಿಸಲು ಆಗುತ್ತಿಲ್ಲ.

ಈಗ ಒಂದು ಬದಿ ಖಾಲಿ ಮಾಡಿ. ಎದುರಿನಿಂದ ಯಾರೂ ಬರುವುದಿಲ್ಲ ಅಂತ ಬೋರ್ಡೂ ಹಾಕಿ. ಆಕ್ಸಿಲರೇಟರ್ ಮೇಲಿನ ಕಾಲು ಸುಮ್ನೆ ಇರುತ್ತದಾ? ಓಡಿಸುವವರು ಬೋರ್ಡ್ ಓದಿ ವೇಗ ಇಟ್ಟುಕೊಳ್ಳುವುದು ಕಡಿಮೆ, ರಸ್ತೆ ನೋಡಿ ಇಟ್ಟುಕೊಳ್ಳುವುದೇ ಜಾಸ್ತಿ. ಮುಂದೆ ಅಗಲವಾಗಿ, ನೇರವಾಗಿ, ಖಾಲಿಯಾಗಿ ಕಂಡರೆ ಎಂಥ ಸಜ್ಜನರ ಗಾಡಿಯೂ ವೇಗ ಹಿಡಿಯುತ್ತದೆ. ಇದರ ಜೊತೆಗೆ ಫೋನಿನ ಮ್ಯಾಪ್ ಬೇರೆ. ಮುಖ್ಯ ರಸ್ತೆಗಿಂತ ನಮ್ಮ ಬೀದಿಯಲ್ಲಿ ಒಂದು ನಿಮಿಷ ಉಳಿಯುತ್ತದೆ ಅಂತ ಗೊತ್ತಾದರೆ ಸಾಕು, ಈ ಬೀದಿಯ ಹೆಸರೇ ಕೇಳದವರನ್ನೂ ಅದು ನಮ್ಮ ಮನೆ ಬಾಗಿಲಿಗೆ ಕಳಿಸಿಕೊಡುತ್ತದೆ.

ವೇಗದ ಲೆಕ್ಕ ಶಾಲೆಯ ಮಕ್ಕಳೂ ಮಾಡುವಂಥದ್ದು. ಗಂಟೆಗೆ 30 ಕಿ.ಮೀ. ವೇಗದ ಕಾರು ಒಂದು ಸೆಕೆಂಡಿಗೆ ಸುಮಾರು 8 ಮೀಟರ್ ಹೋಗುತ್ತದೆ. 50 ಕಿ.ಮೀ. ಆದರೆ ಸುಮಾರು 14 ಮೀಟರ್. ಅಪಾಯ ಕಂಡು ಬ್ರೇಕ್ ಮೇಲೆ ಕಾಲಿಡಲು ಒಂದು ಸೆಕೆಂಡ್ ಬೇಕು ಅಂದುಕೊಳ್ಳಿ. ಒಣಗಿದ ರಸ್ತೆಯಲ್ಲಿ 30ರ ಕಾರು ಒಟ್ಟು 13 ಮೀಟರ್ ಆಸುಪಾಸಿನಲ್ಲಿ ನಿಂತುಬಿಡುತ್ತದೆ. 50ರ ಕಾರಿಗೆ 28 ಮೀಟರ್ ಆದರೂ ಬೇಕು. ಹದಿಮೂರು ಮೀಟರ್ ದೂರದಲ್ಲಿ ಒಂದು ಮಗು ಚೆಂಡಿನ ಹಿಂದೆ ಓಡಿ ಬಂತು ಅನ್ನಿ. 30ರ ಕಾರು ಮಗುವಿನ ಹತ್ತಿರ ಬಂದು ನಿಲ್ಲುತ್ತದೆ. 50ರಲ್ಲಿ ಬರುತ್ತಿದ್ದವರ ಕಾಲು ಅಷ್ಟರಲ್ಲಿ ಬ್ರೇಕನ್ನೇ ಮುಟ್ಟಿರುವುದಿಲ್ಲ. ಇಪ್ಪತ್ತು ಕಿಲೋಮೀಟರ್ ಏನು ಮಹಾ ಅನ್ನುವವರು ಈ ಲೆಕ್ಕವನ್ನು ಒಮ್ಮೆ ಕೂತು ಹಾಕಬೇಕು.

ಹಾಗಂತ ಈಗಿರುವುದೇ ಚೆನ್ನಾಗಿದೆ, ಏನೂ ಮುಟ್ಟಬೇಡಿ ಅನ್ನುವ ಗುಂಪಿನವನೂ ನಾನಲ್ಲ. ನಮ್ಮ ಬೀದಿಯ ಮೂಲೆಯಲ್ಲಿ ಒಂದಲ್ಲ ಒಂದು ಎತ್ತರದ ಗಾಡಿ ನಿಂತೇ ಇರುತ್ತದೆ. ಅದರ ಹಿಂದಿನಿಂದ ರಸ್ತೆ ದಾಟುವ ವಯಸ್ಸಾದವರನ್ನು ಒಮ್ಮೆ ಗಮನಿಸಿ. ಮೊದಲು ಬಂಪರ್ ಮೇಲೆ ಒಂದು ಕೈ ಕಾಣಿಸುತ್ತದೆ. ಆಮೇಲೆ ಕುತ್ತಿಗೆ ಚಾಚಿದ ತಲೆ. ಅಷ್ಟಾದರೂ ರಸ್ತೆ ಕಾಣಿಸುವುದಿಲ್ಲ. ಒಂದು ಹೆಜ್ಜೆ ಟಾರಿನ ಮೇಲೆ ಇಟ್ಟಮೇಲೇ ಬರುವ ಗಾಡಿ ಕಾಣಿಸುವುದು, ಗಾಡಿಯವರಿಗೆ ಇವರು ಕಾಣಿಸುವುದೂ ಆಗಲೇ. ಚಿಕ್ಕ ಮಕ್ಕಳಂತೂ ಬಾನೆಟ್‌ಗಿಂತ ಕುಳ್ಳಗಿರುತ್ತಾರೆ, ಅವರು ಇಣುಕಿದರೂ ಯಾರಿಗೂ ಗೊತ್ತಾಗುವುದಿಲ್ಲ. ಮೂಲೆಯ ಪಾರ್ಕಿಂಗ್ ನಾಳೆಯೇ ಹೋಗಲಿ. ಅದರಲ್ಲಿ ಚರ್ಚೆಗೆ ಏನಿದೆ? ಬೆಂಕಿ ಆರಿಸುವ ಲಾರಿ, ಆಂಬುಲೆನ್ಸ್ ತಿರುಗುವುದೂ ಅದೇ ಮೂಲೆಯಲ್ಲಿ ಅಲ್ವಾ?

ಇನ್ನು "ನಮ್ಮ ಮನೆ ಮುಂದಿನ ಜಾಗ ನಮ್ಮದು" ಎಂಬ ವಾದ. ಈ ವಾದ ಮಾಡುವವರ ಹತ್ತಿರ ಮಾತಿಗೆ ನಿಲ್ಲುವುದೇ ಕಷ್ಟ, ಏಕೆಂದರೆ ಎಲ್ಲರೂ ಒಳ್ಳೆಯವರೇ. ಆದರೂ ಹೇಳಲೇಬೇಕು. ಮನೆ ನಮ್ಮದು, ರಸ್ತೆ ಎಲ್ಲರದ್ದು. ಜಪಾನಿನಲ್ಲಿ 1962ರಲ್ಲೇ ಇದಕ್ಕೊಂದು ಕಾನೂನು ಮಾಡಿದರು. ಅಲ್ಲಿನ ಹೆಚ್ಚಿನ ಕಡೆಗಳಲ್ಲಿ ಕಾರು ಕೊಳ್ಳುವವರು ಅದನ್ನು ನಿಲ್ಲಿಸಲು ರಸ್ತೆಯ ಹೊರಗೆ ಸ್ವಂತದ್ದೋ ಬಾಡಿಗೆಯದ್ದೋ ಜಾಗ ಇದೆ ಅಂತ ಪೊಲೀಸರಿಗೆ ತೋರಿಸಬೇಕು. ನಾವು ಮೊದಲು ಕಾರು ತಂದು, ಆಮೇಲೆ ಜಾಗ ಹುಡುಕಿ, ಸಿಗದಿದ್ದರೆ ಪಕ್ಕದ ಮನೆಯವರ ಜೊತೆ ಮಾತು ಬಿಡುತ್ತೇವೆ.

ಗುಂಪಿನಲ್ಲಿ ಬಂದ ದೂರುಗಳಲ್ಲಿ ನಿಜಕ್ಕೂ ತೂಕದವು ಬೇರೆ ಇವೆ. ಹಾಸಿಗೆ ಹಿಡಿದ ಹಿರಿಯರನ್ನು ಆಸ್ಪತ್ರೆಗೆ ಕರೆದೊಯ್ಯುವಾಗ ಗಾಡಿ ಮನೆ ಬಾಗಿಲಿಗೆ ಬರಬೇಕು. ಗಾಲಿಕುರ್ಚಿಯವರು ಇಳಿಯಲು ಕಾರಿನ ಬಾಗಿಲು ಪೂರ್ತಿ ತೆರೆಯುವಷ್ಟು ಜಾಗ ಬೇಕು. ಗ್ಯಾಸ್ ಸಿಲಿಂಡರ್ ತರುವವರು, ಮನೆ ಸಾಮಾನು ಸಾಗಿಸುವವರು ಹತ್ತು ನಿಮಿಷ ನಿಲ್ಲಬೇಕು. ಇವಕ್ಕೆ ಬೀದಿಯಲ್ಲಿ ಒಂದೆರಡು ಜಾಗ ಸದಾ ಖಾಲಿ ಇರಬೇಕು. ಪಾರ್ಕಿಂಗ್ ಬಗ್ಗೆ ದಶಕಗಟ್ಟಲೆ ಅಧ್ಯಯನ ಮಾಡಿದ ಅಮೆರಿಕದ ಪ್ರೊಫೆಸರ್ ಡೊನಾಲ್ಡ್ ಶೂಪ್ ಹೇಳುತ್ತಿದ್ದದ್ದೂ ಇದಕ್ಕೆ ಹತ್ತಿರದ ಮಾತು. ಪ್ರತಿ ರಸ್ತೆಯಲ್ಲಿ ಒಂದೆರಡು ಜಾಗ ಯಾವಾಗಲೂ ಖಾಲಿ ಸಿಗುವ ಹಾಗೆ ಶುಲ್ಕ ನಿಗದಿ ಮಾಡಿ ಅನ್ನುತ್ತಿದ್ದರು ಅವರು. ಜಾಗ ಹುಡುಕುತ್ತಾ ಸುತ್ತು ಹೊಡೆಯುವ ಗಾಡಿಗಳೇ ಎಷ್ಟೋ ಕಡೆ ದಟ್ಟಣೆಗೆ ಕಾರಣ ಎಂಬುದು ಅವರ ವಾದ. ಶುಲ್ಕದ ಮಾತೆತ್ತಿದರೆ ನನ್ನನ್ನು ಗುಂಪಿನಿಂದ ತೆಗೆದುಹಾಕುತ್ತಾರೆ, ಹಾಗಾಗಿ ಅದನ್ನು ಇಲ್ಲಿಗೇ ಬಿಡುತ್ತೇನೆ.

ಬೀದಿಯವರ ಆತಂಕ ಅಂದರೆ ಬರೀ ಸ್ವಾರ್ಥ ಅಂತ ಕೆಲವರು ಮೂಗು ಮುರಿಯುತ್ತಾರೆ. ಅವರಿಗೆ ಒಂದು ಹಳೆಯ ಅಧ್ಯಯನದ ಬಗ್ಗೆ ಹೇಳಬೇಕು. ಡೊನಾಲ್ಡ್ ಆಪಲ್‌ಯಾರ್ಡ್ ಎಂಬ ನಗರ ವಿನ್ಯಾಸದ ಪ್ರೊಫೆಸರ್ 1960ರ ದಶಕದ ಕೊನೆಯಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಒಂದೇ ಥರ ಕಾಣುವ ಮೂರು ಬೀದಿಗಳನ್ನು ಆರಿಸಿಕೊಂಡರು. ಒಂದರಲ್ಲಿ ದಿನಕ್ಕೆ ಸುಮಾರು 2,000 ಗಾಡಿ, ಇನ್ನೊಂದರಲ್ಲಿ 8,000, ಮೂರನೆಯದರಲ್ಲಿ 16,000. ಅಲ್ಲಿ ವಾಸ ಇದ್ದವರನ್ನು ಮಾತಾಡಿಸಿದಾಗ, ಗಾಡಿ ಕಡಿಮೆ ಇದ್ದ ಬೀದಿಯವರಿಗೆ ಗಾಡಿ ಜಾಸ್ತಿ ಇದ್ದ ಬೀದಿಯವರಿಗಿಂತ ಅದೇ ಬೀದಿಯಲ್ಲಿ ಮೂರು ಪಟ್ಟು ಗೆಳೆಯರಿದ್ದರು. ಗಾಡಿ ಹೆಚ್ಚಿದ ಕಡೆ ಜನ ಜಗಲಿ, ಮೆಟ್ಟಿಲು ಬಿಟ್ಟು ಒಳಮನೆ ಸೇರಿಬಿಡುತ್ತಾರೆ. ಎದುರು ಮನೆ ಅನ್ನುವುದು ಕಣ್ಣಿಗೆ ಮಾತ್ರ ಹತ್ತಿರ.

ಹಾಗಾದರೆ ಏನು ಮಾಡಬೇಕು? ನಿಂತ ಗಾಡಿಗಳನ್ನೇ ವೇಗ ಕಡಿಮೆ ಮಾಡಲು ಬಳಸಬಹುದು. ನೆದರ್ಲೆಂಡ್ಸ್‌ನ ಡೆಲ್ಫ್ಟ್ ಊರಿನಲ್ಲಿ 1960ರ ದಶಕದ ಕೊನೆಯಲ್ಲೇ ವಾಸದ ಬೀದಿಗಳನ್ನು ಹೊಸ ಥರ ರೂಪಿಸಲು ಶುರು ಮಾಡಿದ್ದರು. ಪಾರ್ಕಿಂಗ್ ಸ್ವಲ್ಪ ದೂರ ಎಡಕ್ಕೆ, ಆಮೇಲೆ ಸ್ವಲ್ಪ ದೂರ ಬಲಕ್ಕೆ. ನಡುನಡುವೆ ಗಿಡದ ಕುಂಡ, ಬೆಂಚು. ಗಾಡಿ ಹಾವಿನ ಹಾಗೆ ಬಳುಕುತ್ತಾ ಹೋಗಬೇಕು, ಹಾಗಾಗಿ ನಿಧಾನಕ್ಕೇ ಹೋಗಬೇಕು. 1976ರಲ್ಲಿ ಆ ದೇಶ ಇಂಥ ಬೀದಿಗಳಿಗೆ ಕಾನೂನಿನ ಮಾನ್ಯತೆಯನ್ನೂ ಕೊಟ್ಟಿತು. ನಮ್ಮ ಬೀದಿಗೂ ಇದು ಸಾಕು. ಒಂದು ಬದಿಯನ್ನು ಈ ತುದಿಯಿಂದ ಆ ತುದಿಯವರೆಗೆ ಬೋಳಿಸುವ ಬದಲು ಮೂರು ಕಡೆ ಬದಿ ಬದಲಾಯಿಸಿ ಗೆರೆ ಎಳೆಯಿರಿ. ಕಳೆದುಹೋಗುವ ಪಾರ್ಕಿಂಗ್ ಜಾಗಗಳ ಲೆಕ್ಕ ಹೆಚ್ಚು ಕಡಿಮೆ ಅಷ್ಟೇ. ಗಾಡಿ ಮಾತ್ರ ನೆಟ್ಟಗೆ ನುಗ್ಗಲು ಆಗುವುದಿಲ್ಲ.

ಈ ಬದಲಾವಣೆಯ ಬಗ್ಗೆ ನಡೆದ ಹೋದ ಸಭೆಯಲ್ಲಿ ನೋಟಿಸ್ ಕೊಟ್ಟವರನ್ನೇ ಇದನ್ನು ಕೇಳಿದೆ. "ನೋಡೋಣ, ಪರಿಶೀಲಿಸುತ್ತೇವೆ, ಎಲ್ಲರ ಅಭಿಪ್ರಾಯಕ್ಕೂ ಬೆಲೆ ಇದೆ" ಅಂತ ಅಡ್ಡಗೋಡೆಯ ಮೇಲೆ ದೀಪ ಇಟ್ಟರು. ಈಗ ಗಾಡಿಗಳು ಯಾವ ವೇಗದಲ್ಲಿ ಹೋಗುತ್ತಿವೆ ಅಂತ ಅಳೆದಿದ್ದೀರಾ ಎಂದರೆ ಉತ್ತರ ಇಲ್ಲ. ಮೊದಲು ಅಳೆಯದಿದ್ದರೆ ಆಮೇಲೆ ಸುಧಾರಿಸಿತೋ ಕೆಟ್ಟಿತೋ ಅಂತ ಹೇಳುವವರು ಯಾರು? ಯಾರ ಗಂಟಲು ದೊಡ್ಡದೋ ಅವರು.

ಸ್ವೀಡನ್ನಿನ ರಾಜಧಾನಿ ಸ್ಟಾಕ್‌ಹೋಮ್‌ನವರು ಇಂಥದ್ದನ್ನು ಬಗೆಹರಿಸಿದ ರೀತಿ ನನಗೆ ಇಷ್ಟ. ನಗರದ ಒಳಗೆ ಬರುವ, ಹೊರಗೆ ಹೋಗುವ ಗಾಡಿಗಳಿಗೆ ಶುಲ್ಕ ಹಾಕುತ್ತೇವೆ ಅಂದಾಗ ಅಲ್ಲಿ ಹೆಚ್ಚಿನವರು ವಿರೋಧಿಸಿದ್ದರು. 2006ರ ಜನವರಿಯಿಂದ ಜುಲೈವರೆಗೆ ಪರೀಕ್ಷೆಗೆಂದು ಜಾರಿ ಮಾಡಿ, ಅಳತೆ ಇಟ್ಟು, ನಿಲ್ಲಿಸಿಯೇಬಿಟ್ಟರು. ಶುಲ್ಕದ ಗಡಿ ದಾಟುವ ಗಾಡಿಗಳು ಸುಮಾರು 20 ಶೇಕಡಾ ಕಡಿಮೆಯಾಗಿದ್ದವು. ಸೆಪ್ಟೆಂಬರ್‌ನಲ್ಲಿ ನಗರದ ಜನರ ಮತ ಕೇಳಿದಾಗ ಬಹುಮತ ಬೇಕು ಅಂದಿತು. ಅನುಭವಕ್ಕೆ ಬಂದ ಮೇಲೆ ಕೇಳಿದ್ದರಿಂದ ಆ ಉತ್ತರಕ್ಕೊಂದು ಬೆಲೆ ಇತ್ತು.

ಹಾಗಾಗಿ ಮುಂದಿನ ಸಭೆಗೆ ನಾನು ಬರೆದುಕೊಂಡು ಹೋಗುತ್ತಿರುವುದು ಇಷ್ಟು. ಬಣ್ಣ ಬಳಿಯುವ ಮುಂಚೆ ಒಂದು ವಾರ ನಮ್ಮ ಬೀದಿಯಲ್ಲೂ ಪಕ್ಕದ ಎರಡು ಬೀದಿಗಳಲ್ಲೂ ಗಾಡಿಗಳ ಸಂಖ್ಯೆ, ವೇಗ ಅಳೆಯಿರಿ. ಪಕ್ಕದ ಬೀದಿಯೂ ಯಾಕೆಂದರೆ, ನಮ್ಮ ಕಷ್ಟ ಅವರ ತಲೆಗೆ ಕಟ್ಟಿ ಗೆದ್ದೆವು ಅನ್ನುವುದು ಬೇಡ. ಮೂಲೆಗಳನ್ನು ಈಗಲೇ ಖಾಲಿ ಮಾಡಿಸಿ. ಮೊದಲಿಗೆ ಕುಂಡ, ಪ್ಲಾಸ್ಟಿಕ್ ಕಂಬ ಇಟ್ಟು ಆರು ತಿಂಗಳು ನೋಡೋಣ, ಸಿಮೆಂಟ್ ಆಮೇಲೆ. ಅಷ್ಟು ದಿನ ಆದ ಮೇಲೆ ಅದೇ ಅಳತೆ ಇನ್ನೊಮ್ಮೆ, ಬಂದ ಅಂಕಿಗಳು ಎಲ್ಲರ ಕೈಗೂ ಸಿಗಲಿ.

ಸಭೆಗೆ ಬರುವವರು ದಯವಿಟ್ಟು ಗಾಡಿ ಇಲ್ಲದ ಮನೆಯವರನ್ನೂ ಕರೆದುಕೊಂಡು ಬನ್ನಿ. ಹೋದ ಸಲ ಅವರಲ್ಲಿ ಒಬ್ಬರೂ ಇರಲಿಲ್ಲ. ಪಾರ್ಕಿಂಗ್ ಸಭೆ ಅಂತ ಹೇಳಿದ್ದರಿಂದ ತಮಗಲ್ಲ ಅಂದುಕೊಂಡಿರಬೇಕು.