ಮಾನವ ಹಕ್ಕು ಕೇಂದ್ರ ತೆರೆಯುವ ಕ್ರಮ

ಡಿಸೆಂಬರ್ 10, ಅಂದರೆ ಮಾನವ ಹಕ್ಕುಗಳ ದಿನ, ಹತ್ತಿರ ಬಂತೆಂದರೆ ಮಂಗಳೂರಿನಲ್ಲಿ ಮಾನವ ಹಕ್ಕುಗಳಿಗೆ ಸೀಸನ್. ನೀವೂ ಒಂದು ‘ತಾರತಮ್ಯ ವಿರೋಧಿ ಸಹಾಯ ಕೇಂದ್ರ’ ತೆರೆಯುವವರಾದರೆ ಮೊದಲು ಫ್ಲೆಕ್ಸ್ ಮಾಡಿಸಿ. ಹತ್ತಡಿಗೆ ಆರಡಿ ಸಾಕು. ಅತಿಥಿಗಳ ಫೋಟೊ ಹಾಕಿದ ಮೇಲೆ ಜಾಗ ಉಳಿದರೆ ಸಹಾಯವಾಣಿ ನಂಬರು. ಉಳಿಯುವುದಿಲ್ಲ, ಚಿಂತೆ ಬೇಡ.

ಉದ್ಘಾಟನೆಗೆ ಕರಾವಳಿಯ ಬುಡಕಟ್ಟಿನವರಾದ ಕೊರಗರ ಡೋಲು ಇರಲೇಬೇಕು. ಅವರನ್ನು ಕೀಳಾಗಿ ಕಂಡು, ಕೂಲಿ ಕೊಡದೆ ದುಡಿಸಿಕೊಳ್ಳುವ ‘ಅಜಲು’ ಪದ್ಧತಿಯ ನಿಷೇಧ ಕಾಯ್ದೆ ಬಂದದ್ದು 2000ರಲ್ಲಿ. ಕೊರಗರಿಗೆ ಕೂದಲು, ಉಗುರು ಬೆರೆಸಿದ ಅನ್ನ ತಿನ್ನಿಸುವುದು, ಕಂಬಳಕ್ಕೆ ಮೊದಲು ಅವರನ್ನು ಕೋಣಗಳಂತೆ ಓಡಿಸುವುದು ಅಪರಾಧ ಎಂದು ಅದು ಬಿಡಿಸಿ ಬಿಡಿಸಿ ಹೇಳಿದೆ. ನಿಮ್ಮದು ಸಾಂಸ್ಕೃತಿಕ ಕಾರ್ಯಕ್ರಮ ತಾನೆ? ಡೋಲು ಅಂಗಳದಲ್ಲಿ ಬಾರಿಸಲಿ, ಸಮಾನತೆಯ ಭಾಷಣ ಎಸಿ ಹಾಲ್‌ನೊಳಗೆ ನಡೆಯಲಿ. ಬಾರಿಸಿದವರಿಗೆ ಕೊನೆಯ ಪಂಕ್ತಿಯಲ್ಲಿ ಊಟ. ಸಂಭಾವನೆ ‘ಆಮೇಲೆ ನೋಡುವ’.

ಇನ್ನು ದೂರುಗಳು. ಈಶಾನ್ಯ ರಾಜ್ಯದ ಹುಡುಗನೊಬ್ಬ ಬಂದು, ಮುಖ ನೋಡಿಯೇ ಬಾಡಿಗೆಗೆ ಮನೆ ಇಲ್ಲ ಅಂದರು ಎನ್ನುತ್ತಾನೆ. ಫಾರ್ಮಿನ ನಾಲ್ಕನೇ ಕಾಲಂ ತೋರಿಸಿ: ವಿಳಾಸದ ಪುರಾವೆ, ಅಂದರೆ ಬಾಡಿಗೆ ಕರಾರು ಪತ್ರ. ಅದಿದ್ದಿದ್ದರೆ ಅವನು ಯಾಕೆ ಬರುತ್ತಿದ್ದ ಎಂದು ಕೇಳುವ ಅಧಿಕಪ್ರಸಂಗಿಗಳನ್ನು ಕೌಂಟರಿನಲ್ಲಿ ಕೂರಿಸಬೇಡಿ. ‘ನೇಪಾಳದವನಾ?’ ಎಂದು ಮೊದಲು ಕೇಳುವವರು ಅಲ್ಲಿಗೆ ಸರಿ.

ತಲೆನೋವು ಎಂದರೆ ಕಾನೂನು ತಿಳಿದು ಬರುವವರು. ಪರಿಶಿಷ್ಟರ ಮೇಲಿನ ದೌರ್ಜನ್ಯ ತಡೆ ಕಾಯ್ದೆಯ 18ಎ ಕಲಮಿನಂತೆ ಎಫ್‌ಐಆರ್‌ಗೆ ಮೊದಲು ಪೂರ್ವಭಾವಿ ವಿಚಾರಣೆ ಬೇಕಿಲ್ಲ. ತನಿಖೆಯನ್ನು ಡಿವೈಎಸ್ಪಿ ದರ್ಜೆಗಿಂತ ಕೆಳಗಿನವರು ಮಾಡುವ ಹಾಗಿಲ್ಲ, 60 ದಿನದೊಳಗೆ ಮುಗಿಸಬೇಕು. ಸಂತ್ರಸ್ತರು, ಸಾಕ್ಷಿಗಳು ಬಂದುಹೋದ ಖರ್ಚನ್ನು ಜಿಲ್ಲಾಡಳಿತ ಮೂರು ದಿನದೊಳಗೆ ಕೊಡಬೇಕು. 15100ಕ್ಕೆ ಕರೆ ಮಾಡಿದರೆ ಉಚಿತ ಕಾನೂನು ನೆರವಿನ ದಾರಿ ಸಿಗುತ್ತದೆ. ಪರಿಶಿಷ್ಟರಿಗೆ, ಹೆಂಗಸರಿಗೆ, ಮಕ್ಕಳಿಗೆ ಅದರಲ್ಲಿ ಆದಾಯದ ಮಿತಿಯೇ ಇಲ್ಲ. ಇಷ್ಟೆಲ್ಲ ಗೊತ್ತಿರುವವರಿಗೆ ‘ಆದಾಯ ಪ್ರಮಾಣಪತ್ರ ತನ್ನಿ’ ಎನ್ನಿ. ಮುಂದಿನದನ್ನು ನಾಡಕಚೇರಿಯ ಸರ್ವರ್ ನೋಡಿಕೊಳ್ಳುತ್ತದೆ.

ಆದರೂ ಪತ್ರ ಹಿಡಿದು ಬಂದೇ ಬಿಟ್ಟರೆ? ಠಾಣೆಯಲ್ಲಿ ಕೂರಿಸಿ ರಾಜಿ ಮಾಡಿಸಿ ಮುಚ್ಚಲು ದೌರ್ಜನ್ಯ ತಡೆ ಕಾಯ್ದೆಯಲ್ಲಿ ಅವಕಾಶವಿಲ್ಲ. ಹಾಗಾಗಿ ಠಾಣೆಯ ಮೆಟ್ಟಿಲು ಹತ್ತುವ ಮೊದಲೇ ನಿಮ್ಮ ಕೇಂದ್ರದಲ್ಲಿ ಮುಗಿಸಿಬಿಡಿ. ‘ಒಂದೇ ಊರಿನವರಲ್ವಾ ಮಾರಾಯ್ರೆ, ಮಾತಾಡಿ ಸರಿ ಮಾಡುವ’ ಎಂದು ಚಾ ತರಿಸಿ. ಬೈದವರಿಗೆ ಕುರ್ಚಿ, ಬೈಸಿಕೊಂಡವರಿಗೆ ಬಾಗಿಲ ಬದಿಯ ಬೆಂಚು.