ಬರೀ 17 ಗಂಟೆ ಅಂತೆ!

ಊರಲ್ಲಿ ಅಮ್ಮನ ಸೊಂಟದ ಮೂಳೆ ಮುರಿದಿದೆ, ಹೋಗಿಬರೋಕೆ ಎರಡು ವಾರ ರಜೆ ಕೇಳಿದ್ದೆ. ಮೀಟಿಂಗ್ ಮುಗಿದು ಎರಡು ತಾಸಾಯ್ತು, ಕೈ ಇನ್ನೂ ನಡುಗ್ತಿದೆ.

ನಮ್ಮ ಮ್ಯಾನೇಜರ್ ಎಲ್ಲರೆದುರು ದೊಡ್ಡ ಸ್ಕ್ರೀನ್ ಮೇಲೆ ಸ್ಯಾನ್ ಫ್ರಾನ್ಸಿಸ್ಕೋ, ಬೆಂಗಳೂರು ಅಂತ ಟೈಪ್ ಮಾಡಿದ. ಸುಮಾರು 14,000 ಕಿಲೋಮೀಟರ್, 17 ಗಂಟೆ ಅಂತ ಬಂತು. ಆ 17ರ ಮೇಲೆ ಮೌಸ್ ಎಳೆದು ನೀಲಿ ಮಾಡಿ ತೋರಿಸಿದ. ‘ಶುಕ್ರವಾರ ಸಂಜೆ ಹೊರಡು, ಸೋಮವಾರ ಬೆಳಿಗ್ಗೆ 9ಕ್ಕೆ ಇಲ್ಲಿರಬಹುದಲ್ಲ, ಎರಡು ವಾರ ರಜೆ ಯಾಕೆ?’ ಯಾರೋ ಕಿಸಕ್ಕಂದರು. ನಮ್ಮ ಕಡೆಯವರೇ ಇಬ್ಬರಿದ್ದರು, ಪ್ರತಿ ವರ್ಷ ಊರಿಗೆ ಹೋಗಿ ಬರೋರು. ಇಬ್ಬರೂ ತಲೆ ಬಗ್ಗಿಸಿ ಲ್ಯಾಪ್‌ಟಾಪ್ ನೋಡ್ತಾ ಕೂತರು. ಸ್ಕ್ರೀನ್ ಮೇಲೆ ಆ 17 ಹಾಗೇ ಇತ್ತು, ಮುಂದಿನ ವಿಷಯಕ್ಕೆ ಹೋಗೋವರೆಗೂ.

ಅದು ಎಲ್ಲೂ ಇಳಿಯದೆ ಬರೋ ವಿಮಾನದ ಲೆಕ್ಕ. 2021ರ ಜನವರಿಯಲ್ಲಿ ಏರ್ ಇಂಡಿಯಾದ ಮಹಿಳಾ ಪೈಲಟ್‌ಗಳು ಉತ್ತರ ಧ್ರುವದ ಮೇಲಿಂದ ಬೆಂಗಳೂರಿಗೆ ಹಾರಿಸಿಕೊಂಡು ಬಂದರಲ್ಲ, ಆ ದಾರಿ. ಅವಸರಕ್ಕೆ ಟಿಕೆಟ್ ಹುಡುಕೋರಿಗೆ ಸಿಗೋದು ಅದಲ್ಲ. ದುಬೈಗೇ ಹತ್ತಿರ ಹತ್ತಿರ 16 ಗಂಟೆ, ಅಲ್ಲಿ ಕಾಯೋದು, ಆಮೇಲೆ ಬೆಂಗಳೂರಿಗೆ ಇನ್ನೂ 4. ಎಲ್ಲ ಸೇರಿ ಒಂದು ದಿನ. ಇಲ್ಲಿ ಶುಕ್ರವಾರ ಸಂಜೆ 6 ಅಂದ್ರೆ ಅಲ್ಲಿ ಆಗಲೇ ಶನಿವಾರ ಬೆಳಿಗ್ಗೆ 6.30. ದೇವನಹಳ್ಳಿಯಲ್ಲಿ ಇಳಿಯೋದು ಭಾನುವಾರ ಬೆಳಿಗ್ಗೆ. ಅಮ್ಮ ಇರೋದು ಬೆಂಗಳೂರಲ್ಲಲ್ಲ, ಶಿರಸೀಲಿ. ಇನ್ನೂ 400 ಕಿಲೋಮೀಟರ್. ಇಮಿಗ್ರೇಶನ್, ಲಗೇಜು ಮುಗಿಸಿ ಹೊರಟರೆ ಮನೆ ಮುಟ್ಟುವಾಗ ಸಂಜೆ.

ವಾಪಸ್ ಬರೋಕೂ ಅಷ್ಟೇ, ಒಂದು ದಿನ. ಸೋಮವಾರ 9ಕ್ಕೆ ಇಲ್ಲಿರಬೇಕು ಅಂದ್ರೆ ಅದೇ ಭಾನುವಾರ ರಾತ್ರಿ 9.30ಕ್ಕೆ ಬೆಂಗಳೂರಿಂದ ವಿಮಾನ ಏಳಬೇಕು. ಅದಕ್ಕೆ ಮೂರು ತಾಸು ಮುಂಚೆ ಏರ್‌ಪೋರ್ಟ್‌ನಲ್ಲಿರಬೇಕು. ಅಂದ್ರೆ ಬೆಳಿಗ್ಗೆ 9, 10ಕ್ಕೆಲ್ಲ ಶಿರಸಿ ಬಿಡಬೇಕು. ಊರು ಮುಟ್ಟೋ ಮೊದಲೇ ಊರು ಬಿಡಬೇಕು! ಅಮ್ಮನ ಮುಖ ಯಾವಾಗ ನೋಡ್ಲಿ?

ಇದನ್ನೆಲ್ಲ ಅಲ್ಲೇ ಹೇಳಬೇಕಿತ್ತು. ಗಂಟಲು ಕಟ್ಟಿತು. ಹೇಳಿದ್ದರೂ ಏನಾಗ್ತಿತ್ತು? ಅವನ ಕಣ್ಣಿಗೆ ಕಂಡಿದ್ದು ಒಂದೇ ಸಂಖ್ಯೆ. ಹೋಗಲಿ ಬಿಡಿ, ಪರದೇಶಕ್ಕೆ ಬಂದ ಮೇಲೆ ಇದೆಲ್ಲ ಇದ್ದದ್ದೇ.

ಇಲ್ಲ, ಯಾಕೆ ಬಿಡಬೇಕು? ಸೊಂಟದ ಮೂಳೆ ಮುರಿದು ಮಲಗಿರೋಳು ನನ್ನ ತಾಯಿ. ನಾನು ಕೇಳಿದ್ದು ನನ್ನದೇ ರಜೆ, ಕೂಡಿಟ್ಟುಕೊಂಡಿದ್ದು. ಯಾರಪ್ಪನ ಮನೆಯಿಂದಲೂ ಕೊಡಬೇಕಾಗಿಲ್ಲ. ಕೆಲಸ ಎಸೆದು ಹೋಗೋಣ ಅಂದ್ರೆ ನಂದು ಎಚ್-1ಬಿ, ಈ ಕೆಲಸಕ್ಕೇ ಅಂಟಿಕೊಂಡಿರೋ ವೀಸಾ. ಕೆಲಸ ಬಿಟ್ಟ ಮೇಲೆ ಈ ದೇಶದಲ್ಲಿ ಉಳಿಯೋಕೆ ಸಿಗೋದು ಹೆಚ್ಚೆಂದರೆ 60 ದಿನ. ಮಗಳ ಶಾಲೆ, ಮನೆ ಬಾಡಿಗೆ ಎಲ್ಲ ಅದರ ಮೇಲೇ ನಿಂತಿದೆ. ಅದು ಅವನಿಗೂ ಗೊತ್ತು, ಅದಕ್ಕೇ ಎಲ್ಲರೆದುರು ಹಾಗೆ ಮಾತಾಡೋ ಧೈರ್ಯ.

ಸ್ಯಾನ್ ಫ್ರಾನ್ಸಿಸ್ಕೋ ಸುತ್ತಮುತ್ತ, ಈ ಬೇ ಏರಿಯಾದಲ್ಲಿ ಇಷ್ಟು ಜನ ಕನ್ನಡದವರಿದ್ದೀರಿ. ಇಂಥ ಹೊತ್ತಲ್ಲಿ ನೀವೇನು ಮಾಡಿದಿರಿ? ಎಚ್‌ಆರ್‌ಗೆ ನೇರ ಬರೆದರೆ ಕೆಲಸಕ್ಕೆ ಕುತ್ತು ಬರುತ್ತಾ? ತಾಯಿ ಬೇರೆ ದೇಶದಲ್ಲಿದ್ದರೂ ಕುಟುಂಬದವರ ಆರೈಕೆಗೆ ಅಂತ ಕೊಡೋ ರಜೆ ಸಿಗುತ್ತಾ? ‘ಧೈರ್ಯವಾಗಿರಿ’ ಅಂತ ಮಾತ್ರ ಬರೀಬೇಡಿ, ಮಾಡಿ ಗೊತ್ತಿದ್ದವರು ಹೇಳಿ. ಆಪರೇಷನ್ ಗುರುವಾರ. ಇವತ್ತು ರಾತ್ರಿಯೊಳಗೆ ಟಿಕೆಟ್ ತೆಗೀಬೇಕು.