ಕೆಂಪು, ನೀಲಿ, ಹಸಿರು, ಮತ್ತೆ ಸರ್ಕಾರಕ್ಕೊಂದು ದೂರು

ಮಾಸ್ ಎಫೆಕ್ಟ್ ಅನ್ನೋ ವಿಡಿಯೋ ಗೇಮ್ ಆಡಿರೋರಿಗೆ ಗೊತ್ತು, ಗ್ಯಾಲಕ್ಸಿಯ ಜನಾಂಗಗಳನ್ನ ಒಂದು ಮಾಡೋದು ಎಂಥಾ ತಲೆನೋವು ಅಂತ. ಕ್ರೋಗನ್‌ಗೆ ಟ್ಯೂರಿಯನ್ ಮುಖ ಕಂಡ್ರಾಗಲ್ಲ, ಸಲಾರಿಯನ್‌ಗಳಿಗೆ ಯಾರ ಮೇಲೂ ನಂಬಿಕೆ ಇಲ್ಲ, ಎಲ್ಲರನ್ನೂ ಕೊಲ್ಲೋಕೆ ರೀಪರ್ ಯಂತ್ರಗಳು ಬರ್ತಿದಾವೆ ಕಣ್ರಪ್ಪಾ ಅಂದ್ರೆ ಗ್ಯಾಲಕ್ಸಿ ಆಳೋ ಕೌನ್ಸಿಲ್ಲು ಅಂಥದ್ದೇನೂ ಇಲ್ಲ ಅಂತ ಫೈಲ್ ಮುಚ್ಚುತ್ತೆ. 2007ರಿಂದ 2012ರ ತನಕ ಮೂರು ಆಟ, ಹಿಂದಿನ ಆಟದ ತೀರ್ಮಾನಗಳು ಮುಂದಿನದಕ್ಕೂ ಬರ್ಲಿ ಅಂತ ಒಂದೇ ಸೇವ್ ಫೈಲ್ ಜೋಪಾನ ಮಾಡ್ಕೊಂಡು ಬಂದ ನಾಯಕ ಶೆಪರ್ಡ್ ಕೈಲೂ ಅಷ್ಟು ಸಲೀಸಾಗಿ ಆಗದ ಒಗ್ಗಟ್ಟು, 2012ರ ಮಾರ್ಚಲ್ಲಿ ಮೂರನೇ ಆಟದ ಕೊನೇ ಹತ್ತು ನಿಮಿಷ ನೋಡಿದ್ದೇ ತಡ, ಆಡೋರ ಮಧ್ಯೆ ಸಿಟ್ಟಲ್ಲಿ ಆಗೋಯ್ತು.

ಕೊನೆ ಎ, ಬಿ, ಸಿ ಥರ ಇರಲ್ಲ ಅಂತ ನಿರ್ದೇಶಕ ಕೇಸಿ ಹಡ್ಸನ್ ಮೊದಲೇ ಹೇಳಿದ್ರು. ಸುಳ್ಳೇನಲ್ಲ ಬಿಡಿ. ಎ, ಬಿ, ಸಿ ಇರ್ಲಿಲ್ಲ, ಕೆಂಪು, ನೀಲಿ, ಹಸಿರು ಇತ್ತು. ಯಾವ್ದು ಆರಿಸಿದ್ರೂ ಹೆಚ್ಚುಕಮ್ಮಿ ಅದೇ ಸ್ಫೋಟ, ದೀಪಾವಳಿ ಸೀರಿಯಲ್ ಸೆಟ್ಟಿನ ಬಣ್ಣ ಬದಲಾಯಿಸಿದ ಹಾಗೆ.

ಸರಿ, ಕೊನೆ ಕೆಟ್ಟದಾಗಿತ್ತು, ಒಪ್ಪಿದೆ. ಆದ್ರೆ ಒಬ್ಬ ಮಹಾನುಭಾವ ಅಮೆರಿಕದ ಗ್ರಾಹಕರ ಹಿತ ಕಾಯೋ ಫೆಡರಲ್ ಟ್ರೇಡ್ ಕಮಿಷನ್‌ಗೇ ದೂರು ಕೊಟ್ಟ! ಕಥೆ ಮುಗಿದಿದ್ದು ಸರಿ ಇಲ್ಲ ಅಂತ ಸರ್ಕಾರಕ್ಕೆ ದೂರು! ಇನ್ನೊಂದು ಗುಂಪು ದುಡ್ಡು ಹಾಕ್ಕೊಂಡು ಆಟ ಮಾಡಿದ ಬಯೋವೇರ್ ಕಂಪನಿಯ ಎಡ್ಮಂಟನ್ ಆಫೀಸಿಗೆ 400 ಕಪ್‌ಕೇಕ್ ಕಳಿಸ್ತು, ಮೇಲೆ ಕೆಂಪು ನೀಲಿ ಹಸಿರು ಕ್ರೀಮು, ಒಳಗೆ ಎಲ್ಲದ್ರಲ್ಲೂ ಅದೇ ವೆನಿಲ್ಲಾ. (ಇಡೀ ಗಲಾಟೇಲಿ ತಲೆ ಓಡಿಸಿದ್ದು ಇವ್ರೊಬ್ರೇ.) ಮತ್ತೊಂದಷ್ಟು ಜನ, ಹೊಸ ಕೊನೆ ಬೇಕು ಅನ್ನೋ ಬೇಡಿಕೆ ಕಡೆ ಗಮನ ಸೆಳೆಯೋಕೆ, ಆಸ್ಪತ್ರೆಯ ಮಕ್ಕಳಿಗೆ ಆಟಿಕೆ ಕೊಡೋ ಚೈಲ್ಡ್ಸ್ ಪ್ಲೇ ಸಂಸ್ಥೆಗೆ ಸುಮಾರು 80,000 ಡಾಲರ್ ಎತ್ತಿದ್ರು. ಒಳ್ಳೇ ಕೆಲಸಾನೇ. ಆಮೇಲೆ ಕೆಲವ್ರು, ಹೊಸ ಕೊನೆ ಬರೋಕೆ ಇನ್ನೆಷ್ಟು ದುಡ್ಡು ಬೇಕು ಸ್ವಾಮಿ ಅಂತ ಆ ಸಂಸ್ಥೆಯವ್ರನ್ನೇ ಕೇಳಿದ್ರಂತೆ, ಇನ್ನು ಕೆಲವ್ರು ದಾನ ಕೊಟ್ಟ ಕಾಸು ವಾಪಸ್ ಕೊಡಿ ಅಂದ್ರಂತೆ. ಸಂಗ್ರಹ ನಿಲ್ಲಿಸ್ಬೇಕಾಯ್ತು.

ಕಂಪನಿಯೇನು ಕಮ್ಮಿ ಅಲ್ಲ. 50,000 ವರ್ಷದ ಹಿಂದೆ ನಿರ್ನಾಮ ಆದ ಪ್ರೋಥಿಯನ್ ಜನಾಂಗದ ಕೊನೆಯವನು ಪೆಟ್ಟಿಗೇಲಿ ಮಲಗಿದಾನೆ, ಕಥೆಗೆ ಅವ್ನು ಮುಖ್ಯ, ಆದ್ರೆ ಮಾಮೂಲಿ ಆಟ ತಗೊಂಡೋರು ಮೊದಲ ದಿನಾನೇ ಇನ್ನೂ 10 ಡಾಲರ್ ಬಿಚ್ಚಿದ್ರೆ ಮಾತ್ರ ಎದ್ದು ಬರ್ತಿದ್ದ. ಆಗ ಇಷ್ಟು ಲೆಕ್ಕ ಹಾಕಿದೋರು ಕೊನೆ ವಿಷಯ ಬಂದಾಗ ಕಲೆ, ಕಲಾವಿದರ ಸ್ವಾತಂತ್ರ್ಯ ಅಂದ್ರು. ಎಲಾ ಇವ್ರಾ!

ಕಡೆಗೆ ಜೂನಲ್ಲಿ ಫ್ರೀಯಾಗಿ ಉದ್ದ ಮಾಡಿದ ಕೊನೆ ಬಿಟ್ರು. ಜನ ಇನ್ನೊಂದು ಆಯ್ಕೆ ಕೇಳಿದ್ರಲ್ಲ, ಅದೂ ಇದೆ ಅದ್ರಲ್ಲಿ, ನಾಲ್ಕನೇದು: ಮೂರೂ ಬೇಡ ಅಂತ ಶೆಪರ್ಡ್ ಹಠ ಹಿಡಿದ್ರೆ, ಅಥವಾ ಈ ಆಯ್ಕೆಗಳನ್ನ ಮುಂದಿಡೋ, ಹುಡುಗನ ರೂಪದಲ್ಲಿ ಬರೋ ರೀಪರ್‌ಗಳ ಒಡೆಯನಿಗೆ ಗುಂಡು ಹೊಡೆದ್ರೆ, ಅವ್ನು ರೀಪರ್ ದನೀಲಿ "ಹಾಗೇ ಆಗ್ಲಿ" ಅಂತ ಗುಡುಗ್ತಾನೆ, ಅಷ್ಟೇ, ಎಲ್ರೂ ಸತ್ತೋಗ್ತಾರೆ. ದೂರಿಗೆ ಇಷ್ಟು ಖಡಕ್ಕಾಗಿ ಉತ್ತರ ಕೊಟ್ಟ ಕಸ್ಟಮರ್ ಕೇರ್ ನಾನಂತೂ ಬೇರೆಲ್ಲೂ ನೋಡಿಲ್ಲ.